ರೇಡಾರಿನ ಸಂಕೇತ ಕದಿಯುವವರನ್ನು ಆಂಟೆನಾವೇ ತಡೆಯಬಲ್ಲುದೇ?

ಪ್ರಶ್ನೆ (ವಿದ್ಯಾರ್ಥಿನಿ, ಬದಿಯಡ್ಕ): ಸರ್, ನಮಸ್ಕಾರ. ಶತ್ರುವಿನ ಉಪಕರಣವು ರೇಡಾರಿನ ಸಂಕೇತವನ್ನು ಹಿಡಿದು, ಡಿಜಿಟಲ್ ಮೆಮೊರಿಯಲ್ಲಿಟ್ಟು, ಸ್ವಲ್ಪ ತಡೆದು ಮರಳಿಸಿ, ಇಲ್ಲದ ವಿಮಾನವನ್ನು ಪರದೆಯಲ್ಲಿ ತೋರಿಸಬಲ್ಲುದೆಂದು ಓದಿದ್ದೇನೆ. ಆಂಟೆನಾದ ರಚನೆಯಿಂದಲೇ ಇದನ್ನು ತಡೆಯಬಹುದೇ?

ಉತ್ತರ (ಆಂಟೆನಾ ಎಂಜಿನಿಯರ್, ಕುಂಬಳೆ): ಸ್ವಲ್ಪಮಟ್ಟಿಗೆ ತಡೆಯಬಹುದು. ಕದ್ದು ಕೇಳುವವನಿಗೆ ತಲುಪುವ ಶಕ್ತಿ ದೂರದ ವರ್ಗಕ್ಕೆ ವಿಲೋಮವಾಗಿ ಇಳಿದರೆ, ಹೋಗಿ ಬರಬೇಕಾದ ಪ್ರತಿಧ್ವನಿಯದು ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಆದ್ದರಿಂದ ಮುಖ್ಯ ಕಿರಣದ ಆಚೀಚೆ ಹೊಮ್ಮುವ ಸಣ್ಣ ಕಿರಣಗಳಾದ ಸೈಡ್‌ಲೋಬ್‌ಗಳಿಂದ ಬದಿಗೆ ಸೋರುವ ಅಲ್ಪ ಶಕ್ತಿಯೂ ಅವನಿಗೆ ಸಾಕಾಗುತ್ತದೆ.

ಆ ಸೋರಿಕೆಯನ್ನು ನಿಲ್ಲಿಸುವ ಬದಲು ಕದಡಿಬಿಡುವುದು ಟೈಮ್ ಮಾಡ್ಯುಲೇಟೆಡ್ ಆಂಟೆನಾ ಸರಣಿಯ, ಅಂದರೆ ಸಾಲಾಗಿಟ್ಟ ಹಲವು ಸಣ್ಣ ಆಂಟೆನಾ ಘಟಕಗಳನ್ನು ಸ್ವಿಚ್ಚುಗಳಿಂದ ಆಗಾಗ ಚಾಲೂ ಮಾಡಿ ನಿಲ್ಲಿಸುವ ಸರಣಿಯ, ಉಪಾಯ. ಕಾಲವನ್ನು ಆಂಟೆನಾದ ನಾಲ್ಕನೆಯ ಆಯಾಮವಾಗಿ ಬಳಸುವ ಕಲ್ಪನೆಯನ್ನು ಸಂಶೋಧಕರಾದ ಶಾಂಕ್ಸ್ ಮತ್ತು ಬಿಕ್‌ಮೋರ್ 1959ರಲ್ಲಿಯೇ ಮಂಡಿಸಿದ್ದರು. 16 ಘಟಕಗಳ ಸರಣಿಯಲ್ಲಿ ಯಾವಾಗಲೂ 12 ಘಟಕಗಳು ಮಾತ್ರ ಪ್ರಸಾರ ಮಾಡುತ್ತಿವೆ, ಸುಮ್ಮನಿರುವ ನಾಲ್ಕು ಯಾವುವೆಂಬುದು ಕ್ಷಣಕ್ಷಣಕ್ಕೂ ಬದಲಾಗುತ್ತಿದೆ ಎಂದಿಟ್ಟುಕೊಳ್ಳಿ. ಮುಖ್ಯ ಕಿರಣದ ದಿಕ್ಕಿನಲ್ಲಿ ಎಲ್ಲ ಅಲೆಗಳೂ ಒಂದೇ ಫೇಸಿನಲ್ಲಿ, ಅಂದರೆ ಏರಿಳಿತಗಳು ಒಟ್ಟೊಟ್ಟಿಗೆ ಆಗುವಂತೆ, ಕೂಡುವುದರಿಂದ ಮೊತ್ತ ಸದಾ 12 ಆಗಿಯೇ ಇರುತ್ತದೆ, ಸಂಕೇತ ಕೆಡುವುದಿಲ್ಲ. ಬದಿಯಲ್ಲಾದರೋ ಫೇಸುಗಳು ಬೇರೆಬೇರೆಯಾಗಿರುವುದರಿಂದ ಸಂಕೇತದ ಬಲವೂ ಫೇಸೂ ಸ್ವಿಚ್ಚುಗಳ ವೇಗದಲ್ಲಿಯೇ ಏರುಪೇರಾಗುತ್ತವೆ, ಮತ್ತು ಅಲ್ಲಿಂದ ಮಾಡಿದ ನಕಲು ತಾನು ಕಳುಹಿಸಿದ ಅಲೆಯನ್ನು ಹೋಲುವ ಪ್ರತಿಧ್ವನಿಯನ್ನೇ ಹೆಕ್ಕುವ ರೇಡಾರಿನ ಮ್ಯಾಚ್ಡ್ ಫಿಲ್ಟರಿಗೆ ಸರಿಯಾಗಿ ಹೊಂದುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಪ್ರತಿ ಘಟಕಕ್ಕೂ ತನ್ನದೇ ಆಂಪ್ಲಿಫೈಯರ್ ಇದ್ದು, ಗ್ರಹಿಸುವಾಗ ಹದಿನಾರೂ ದುಡಿದರೆ, ಗುರಿಯ ಮೇಲೆ ಬೀಳುವ ಶಕ್ತಿ 12/16ರ ವರ್ಗವಾದ 9/16ಕ್ಕೆ ಇಳಿದು, ಶಕ್ತಿಯ ನಾಲ್ಕನೆಯ ಮೂಲಕ್ಕೆ ತಕ್ಕಂತೆ ಬದಲಾಗುವ ವ್ಯಾಪ್ತಿ ಸುಮಾರು ಶೇ. 13ರಷ್ಟು ಕುಗ್ಗುತ್ತದೆ. ನನಗೇನೂ ಇದು ದುಬಾರಿಯೆನಿಸುವುದಿಲ್ಲ. ಅಷ್ಟೂ ಸ್ವಿಚ್ಚುಗಳನ್ನು ಒಂದೇ ಕಾಲಕ್ಕೆ ಸರಿಯಾಗಿ ನಡೆಸುವುದೇ ಹೆಚ್ಚು ಕಷ್ಟ.

ಮರುಪ್ರಶ್ನೆ: ಗುರಿಯಾದ ವಿಮಾನವೇ ನಕಲು ಮಾಡಿದರೆ, ಸರ್?

ಉತ್ತರ: ಆ ವಿಮಾನ ಮುಖ್ಯ ಕಿರಣದಲ್ಲಿಯೇ ಇರುವುದರಿಂದ ಈ ಉಪಾಯ ನಡೆಯದು. ಆಗ ರೇಡಾರ್ ಬಿಟ್ಟುಬಿಟ್ಟು ಕಳುಹಿಸುವ ಅಲೆಯ ಚಿಕ್ಕ ತುಣುಕಾದ ಪ್ರತಿ ಪಲ್ಸಿನ ರೂಪವನ್ನೇ ಬದಲಿಸಬೇಕು. ಮುಂದಿನ ಪಲ್ಸ್ ಊಹೆಗೆ ಸಿಗದಿದ್ದರೆ, ಕೇಳಿದ ಮೇಲಷ್ಟೇ ಮರಳಿಸಬಲ್ಲ ವಿಮಾನವು ತನ್ನ ಸುಳ್ಳು ಗುರಿಯನ್ನು ತನ್ನ ಹಿಂದೆ ಮಾತ್ರ ತೋರಿಸಬಲ್ಲುದು, ಪ್ರತಿ ಮೈಕ್ರೋಸೆಕೆಂಡ್ ತಡಕ್ಕೆ 150 ಮೀಟರ್ ಹಿಂದೆ.

ಪ್ರಶ್ನೆ (ದೋಣಿ ಮಾಲೀಕರು, ಮಂಜೇಶ್ವರ): ಇಂಥ ಅಡಗುವ ರೇಡಾರ್ ನಮ್ಮ ಮೀನುಗಾರಿಕೆಯ ದೋಣಿಗೂ ಒಳ್ಳೆಯದೇ?

ಉತ್ತರ: ಖಂಡಿತ ಬೇಡ. ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದವರ ಬಳಿಯ ಸಾರ್ಟ್ ಉಪಕರಣವು 9 ಗಿಗಾಹರ್ಟ್ಸ್ ರೇಡಾರಿನ ಪಲ್ಸನ್ನು ಕೇಳಿದಾಗಲಷ್ಟೇ ಉತ್ತರಿಸಿ, ನಿಮ್ಮ ಪರದೆಯಲ್ಲಿ 12 ಚುಕ್ಕೆಗಳ ಸಾಲನ್ನು ಮೂಡಿಸುತ್ತದೆ. ಅಡಗಲು ಅನುಕೂಲವಾದ, ಕಡಿಮೆ ಶಕ್ತಿಯ, ನಿರಂತರ ಅಲೆಯ ರೇಡಾರುಗಳಿಗೆ ಅದು ಉತ್ತರಿಸುವುದಿಲ್ಲ.