ಹಲ್ಮಿಡಿ ಮೊದಲೋ ತಾಳಗುಂದ ಮೊದಲೋ: ನಮ್ಮ ಮನೆಯ ಗುಂಪಿನ ಒಂದು ವಾದ

ಚಿಕ್ಕಪ್ಪ (ಬಂದದ್ದನ್ನು ಮುಂದೆ ಕಳುಹಿಸಿದ್ದು): ಕನ್ನಡಿಗರೇ, ಓದಿ, ಹೆಮ್ಮೆಪಡಿ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಎಂಬ ಪುಟ್ಟ ಹಳ್ಳಿಯಲ್ಲಿ ಕದಂಬ ಚಕ್ರವರ್ತಿ ಕಾಕುತ್ಸ್ಥವರ್ಮನು ಕ್ರಿ.ಶ. 450ರಲ್ಲಿ ಬರೆಸಿದ ಕನ್ನಡದ ಮೊಟ್ಟಮೊದಲ ಶಾಸನವು ಇಂದಿಗೂ ವೀರಭದ್ರ ದೇವಾಲಯದ ಎದುರು ಮಳೆಬಿಸಿಲಿಗೆ ಮೈಯೊಡ್ಡಿ ನಿಂತಿದೆ.

ನಾನು: ಚಿಕ್ಕಪ್ಪ, ಹೆಮ್ಮೆಪಡುವುದಕ್ಕೆ ನನ್ನ ಅಡ್ಡಿಯೇನೂ ಇಲ್ಲ, ಆದರೆ ಈ ಸಂದೇಶದ ಒಂದೊಂದು ಮಾತೂ ಅಲುಗಾಡುತ್ತದೆ. ಮೂಲ ಶಾಸನ ಹಳ್ಳಿಯಲ್ಲಿಲ್ಲ. ಅದನ್ನು ಮೈಸೂರಿನ ಪುರಾತತ್ತ್ವ ಇಲಾಖೆಯ ಕಚೇರಿಗೆ ಒಯ್ದು, ಹಲ್ಮಿಡಿಯ ಮಂಟಪದಲ್ಲಿ ಫೈಬರ್ ಪ್ರತಿಕೃತಿಯೊಂದನ್ನು ನಿಲ್ಲಿಸಿದ್ದಾರೆ. ಕಲ್ಲಿನ ಮೇಲೆ ಶಕವರ್ಷವೂ ಇಲ್ಲ, ಬೇರೆ ಯಾವ ವರ್ಷವೂ ಇಲ್ಲ. ಸುಮಾರು 450 ಎಂಬುದು ಅಕ್ಷರದ ರೂಪವನ್ನೂ ಒಳಗೆ ಬರುವ ಹೆಸರುಗಳನ್ನೂ ನೋಡಿ ವಿದ್ವಾಂಸರು ಮಾಡಿದ ಅಂದಾಜು, ಅದನ್ನು ಇನ್ನೂ ಈಚೆಗೆ ತರುವವರೂ ಇದ್ದಾರೆ. ಇನ್ನು ಮೊಟ್ಟಮೊದಲು ಎಂಬ ಮಾತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ದೊರೆತ ಸಿಂಹಕಟಾಂಜನದ, ಎಂದರೆ ಸಿಂಹದ ಆಕೃತಿಯ ಕಲ್ಲಿನ ಕಟಕಟೆಯ, ಶಾಸನವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯವರು 370ರ ಸುಮಾರಿನದು ಎಂದು ಹೇಳಿದ ಮೇಲೂ ನಾವು ಹಳೆಯ ವಾಕ್ಯವನ್ನೇ ಹಂಚುತ್ತಿದ್ದರೆ ಹೇಗೆ?

ಚಿಕ್ಕಪ್ಪ: ಹಲ್ಮಿಡಿಯ 450 ಅಂದಾಜು ಎನ್ನುವ ನೀನು ತಾಳಗುಂದದ 370ನ್ನು ಮಾತ್ರ ಕಲ್ಲಿನಲ್ಲಿ ಕೊರೆದಂತೆ ಹೇಳುತ್ತೀಯಲ್ಲ, ಅದೂ ಅಂದಾಜೇ ಅಲ್ಲವೇ? ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಹಲ್ಮಿಡಿ, 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಕೇಳುವಾಗ ಎಲ್ಲರ ಬಾಯಲ್ಲಿದ್ದದ್ದೂ ಹಲ್ಮಿಡಿ. ನಮ್ಮ ತಾಲ್ಲೂಕಿನ ಒಂದು ಹಳ್ಳಿಗೆ ಸಂದ ಗೌರವವನ್ನು ನಮ್ಮ ಮನೆಯವರೇ ಶಿವಮೊಗ್ಗ ಜಿಲ್ಲೆಗೆ ಬರೆದುಕೊಡುವುದನ್ನು ನಾನು ಒಪ್ಪುವುದಿಲ್ಲ.

ಭಾವ: ಮಾವ, ಯಾವ ಜಿಲ್ಲೆಗೆ ಸಂದರೂ ಅದು ಕನ್ನಡಕ್ಕೇ ತಾನೇ? ಮುಂದೆ ಮೂರನೆಯ ಊರಿನಲ್ಲಿ ಇನ್ನೂ ಹಳೆಯದೊಂದು ಕಲ್ಲು ಸಿಕ್ಕರೆ ಈ ಎರಡು ಊರುಗಳೂ ಒಟ್ಟಿಗೆ ಸೋತಂತಾಗುತ್ತವೆಯೇ?

ಅತ್ತೆ: ನಾನು ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ಮೊದಲು, ಎರಡನೆಯದು ಎಂಬ ಈ ಜಗಳದಲ್ಲಿ ಹಲ್ಮಿಡಿ ಎಂಬ ಊರೇ ಕಾಣೆಯಾಗಿದೆ ಎಂಬುದು ನನ್ನ ಆಕ್ಷೇಪ. ಆ ಕಲ್ಲು ಏನು ಹೇಳುತ್ತದೆ ಎಂದು ನಿಮ್ಮಲ್ಲಿ ಒಬ್ಬರೂ ಬರೆಯಲಿಲ್ಲ. ಅದು ದೊಡ್ಡ ಕಲ್ಲೇನಲ್ಲ; ಸುಮಾರು 2.5 ಅಡಿ ಎತ್ತರ, 1 ಅಡಿ ಅಗಲ, ನೆತ್ತಿಯಲ್ಲಿ ಚಕ್ರದ ಆಕೃತಿ, ಕೆಳಗೆ 16 ಸಾಲು. ವಿಷ್ಣುವಿನ ಸ್ತುತಿ ಸಂಸ್ಕೃತದಲ್ಲಿ ಬಂದು ಮುಗಿದ ಕೂಡಲೇ ಮಾತು ಕನ್ನಡಕ್ಕೆ ತಿರುಗುತ್ತದೆ. ಕಕುಸ್ಥನು ಆಳುತ್ತಿದ್ದಾಗ, ನರಿದಾವಿಳೆ ನಾಡಿನಲ್ಲಿ ಮೃಗೇಶ ಮತ್ತು ನಾಗ ಎಂಬವರು ಇದ್ದಾಗ, ಸೇಂದ್ರಕ ಮತ್ತು ಬಣ ಎಂಬ ಎರಡು ದೇಶಗಳ ವೀರರ ಸಮ್ಮುಖದಲ್ಲಿ ಕೇಕಯರೊಡನೆಯೂ ಪಲ್ಲವರೊಡನೆಯೂ ಕಾದಿ ಗೆದ್ದ ವಿಜ ಅರಸನಿಗೆ ಪಲ್ಮಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದು ಸಲ್ಲಿಸುವ ಗೌರವದ ಉಂಬಳಿಯಾಗಿ, ಕೊಟ್ಟರು ಎಂಬುದು ಅದರ ಸಾರ. ಆ ಪಲ್ಮಡಿಯೇ ಇಂದಿನ ಹಲ್ಮಿಡಿ. ಆದ್ದರಿಂದ, ತಮ್ಮ, ಕಾಕುತ್ಸ್ಥವರ್ಮ ಬರೆಸಿದ ಎಂಬ ಮಾತು ಸರಿಯಲ್ಲ. ಅರಸನ ಹೆಸರು ಅಲ್ಲಿ ಬರುವುದು ಕಾಲ ತಿಳಿಸುವುದಕ್ಕೆ ಮಾತ್ರ; ಆ ಕಕುಸ್ಥ ಕದಂಬರ ಕಾಕುತ್ಸ್ಥವರ್ಮನೇ ಹೌದೇ ಎಂಬುದರಲ್ಲೂ ವಿದ್ವಾಂಸರಿಗೆ ಒಮ್ಮತವಿಲ್ಲ.

ನನಗೆ ಮುಖ್ಯವಾಗಿ ಕಾಣುವುದು ಕೊನೆಯ ಸಾಲು. ಯುದ್ಧ, ಬಿರುದು, ದಾನವನ್ನು ಕೆಡಿಸಿದವನಿಗೆ ಮಹಾಪಾತಕವೆಂಬ ಶಾಪ ಎಲ್ಲ ಮುಗಿದ ಮೇಲೆ ಆ ಸಾಲು ಗದ್ದೆಯ ಮಾತಿಗೆ ಇಳಿದು, ಹತ್ತರಲ್ಲೊಂದು ಪಾಲಿನ ತೆರಿಗೆಯನ್ನು ಬಿಟ್ಟುಕೊಟ್ಟದ್ದನ್ನು ಹೇಳುತ್ತದೆ. ಹದಿನೈದು ಶತಮಾನಗಳ ಹಿಂದೆ ಆ ಊರಿನಲ್ಲಿ ನೀರು ನಿಲ್ಲುವ ನೆಲವಿತ್ತು, ಅದರ ಬೆಳೆಯನ್ನು ಅಳೆದು ಪಾಲು ಹಾಕುವ ಲೆಕ್ಕವಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಊರಿನ ಭೂಗೋಳವೂ ಇದಕ್ಕೆ ಹೊಂದುತ್ತದೆ. ಬೇಲೂರು ತಾಲ್ಲೂಕು ಪಶ್ಚಿಮದ ಮಲೆನಾಡು ಇಳಿದು ಬಯಲುಸೀಮೆಯನ್ನು ಸೇರುವ ಅರೆಮಲೆನಾಡು. ಚಿಕ್ಕಮಗಳೂರಿನ ಬೆಟ್ಟಗಳಿಂದ ಬರುವ ಯಗಚಿ ಬೇಲೂರನ್ನು ಹಾದು ಮುಂದೆ ಹೇಮಾವತಿಯನ್ನು ಕೂಡುತ್ತದೆ. ದಿಣ್ಣೆಯ ಮೇಲೆ ರಾಗಿ, ತಗ್ಗಿನಲ್ಲಿ ಭತ್ತ ಎಂಬುದು ಈ ಸೀಮೆಯ ಹಳೆಯ ಕ್ರಮ. ಆಲೂಗಡ್ಡೆ, ಕಾಫಿ ಎಲ್ಲ ಬಹಳ ಈಚಿನವು. ಗೆದ್ದ ವೀರನಿಗೆ ಕಾಡನ್ನೋ ಬರಡು ಬಯಲನ್ನೋ ಯಾರೂ ಬಳುವಳಿ ಕೊಡುವುದಿಲ್ಲ.

ಇನ್ನೊಂದನ್ನೂ ಗಮನಿಸಿ. ಹೊಯ್ಸಳ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. 450ರ ಅಂದಾಜನ್ನು ಒಪ್ಪಿದರೆ ಈ ಹಳ್ಳಿಯ ಹೆಸರು ಕಲ್ಲಿನ ಮೇಲೆ ಬಂದದ್ದು ಅದಕ್ಕೆ ಆರು ಶತಮಾನಗಳಿಗೂ ಮೊದಲು. ಹಾಗಿದ್ದರೂ ಬಸ್ಸುಗಟ್ಟಲೆ ಜನ ಬೇಲೂರಿನ ಶಿಲಾಬಾಲಿಕೆಯರ ಮುಂದೆ ಫೋಟೊ ತೆಗೆಸಿಕೊಂಡು ಹಳೇಬೀಡಿಗೆ ಹೊರಟುಬಿಡುತ್ತಾರೆ.

ನಾನು: ಅತ್ತೆ, ಹಾಗಿದ್ದರೆ ಅಷ್ಟು ಕಾಲ ಅದು ಯಾರ ಕಣ್ಣಿಗೂ ಬೀಳದಿದ್ದದ್ದು ಹೇಗೆ? ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲೇ ಹೊರತಂದಿದ್ದರಲ್ಲ.

ಅತ್ತೆ: ಊರವರ ಕಣ್ಣಿಗೆ ದಿನವೂ ಬೀಳುತ್ತಿದ್ದಿರಬೇಕು, ಓದುವವರ ಕಣ್ಣಿಗೆ ಬೀಳಲಿಲ್ಲ. ಮಣ್ಣಿನ ಕೋಟೆಯ ಬಳಿ, ವೀರಭದ್ರನ ಗುಡಿಯ ಮುಂದೆ ಇದ್ದ ಈ ಕಲ್ಲು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣ ಅವರಿಂದ 1936ರಲ್ಲಿ ಬೆಳಕಿಗೆ ಬಂತು. ಮಣ್ಣಿನ ಕೋಟೆ ಎಂದಾಗ ಅರಮನೆಯನ್ನು ಕಲ್ಪಿಸಿಕೊಳ್ಳಬೇಡಿ; ಕಳ್ಳಕಾಕರಿಂದ, ದಂಡಿನಿಂದ ಊರನ್ನು ಕಾಯಲು ಕಟ್ಟಿಕೊಳ್ಳುತ್ತಿದ್ದ ಅಂಥ ಗೋಡೆಗಳು ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿದ್ದವು.

ಅಕ್ಕ: ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಊರನ್ನು ಕುರಿತು ಊರಿನಲ್ಲೇ ನಿಲ್ಲಿಸಿದ ದಾಖಲೆ ಮೈಸೂರಿನಲ್ಲಿ ಏಕಿರಬೇಕು? ಊರಿನ ಮಕ್ಕಳು ತಮ್ಮ ಊರಿನ ಹೆಸರನ್ನು ಫೈಬರ್ ಅಚ್ಚಿನ ಮೇಲೆ ಓದಬೇಕೆ? ಚಿಕ್ಕಪ್ಪನ ಸಂದೇಶದಲ್ಲಿ ಕಲ್ಲು ಊರಿನಲ್ಲಿದೆ ಎಂಬುದು ಸುಳ್ಳಾದರೂ ಆಗಬೇಕಾದದ್ದು ಅದೇ.

ಭಾವ: ನಾನು ಒಪ್ಪುವುದಿಲ್ಲ. ಊರಿನಲ್ಲಿ ಕಾವಲು ಯಾರು ಕೊಡುತ್ತಾರೆ? ಮೊದಲೇ ಸವೆದ ಅಕ್ಷರಗಳಿಗೆ ಭಕ್ತಿಯಿಂದಲೇ ಎಣ್ಣೆ, ಅರಿಶಿನ, ಕುಂಕುಮ ಹಚ್ಚುವ ಜನ ನಾವು. ಬೀಗದ ಕೋಣೆಯಲ್ಲಿದ್ದರೂ ಅದು ಇದೆಯಲ್ಲ.

ಅಕ್ಕ: ಕಾವಲಿಲ್ಲ ಎಂಬುದು ಕಾವಲು ಕೇಳಲು ಕಾರಣವಾಗಬೇಕು, ಕಲ್ಲನ್ನು ಕೊಡದಿರಲು ಅಲ್ಲ. ಮಂಟಪ ಕಟ್ಟುವುದಕ್ಕೆ ಹಣ ಒದಗಿದ ಮೇಲೆ ಗಾಜಿನ ಪೆಟ್ಟಿಗೆಗೂ ಒಬ್ಬ ಕಾವಲುಗಾರನಿಗೂ ಒದಗದು ಎಂದರೆ ನಾನು ನಂಬುವುದಿಲ್ಲ.

ಅತ್ತೆ: ಇದರಲ್ಲಿ ನಾನು ಹುಡುಗಿಯ ಪಕ್ಷ. ಒಂದು ತಿದ್ದುಪಡಿ ಮಾತ್ರ: ಕಲ್ಲು ಮರಳಿ ಬರಲಿ, ಬಾರದಿರಲಿ, ಆ ಮಂಟಪದಲ್ಲಿ 16 ಸಾಲುಗಳ ಅರ್ಥವನ್ನು ಹೊಸಗನ್ನಡದಲ್ಲಿ, ಊರಿನ ಗದ್ದೆಯ ಮಾತು ಬಿಡದಂತೆ, ದಪ್ಪ ಅಕ್ಷರದಲ್ಲಿ ಬರೆಸಬೇಕು. ಹಳಗನ್ನಡವನ್ನು ನೋಡಿ ಕೈಮುಗಿದು ಹೋಗುವವರಿಗಿಂತ ಓದಿ ತಕರಾರು ತೆಗೆಯುವವರು ಬರಲಿ.

ಚಿಕ್ಕಪ್ಪ (ಅತ್ತೆಗೆ): ಅಕ್ಕ, ನೀವು ಹೇಳಿದಂತೆ ಕಾಕುತ್ಸ್ಥವರ್ಮನನ್ನು ಬಿಟ್ಟು ವಿಜ ಅರಸನನ್ನೂ ಗದ್ದೆಯನ್ನೂ ಸೇರಿಸಿ ಬರೆಯುತ್ತೇನೆ, ಕಲ್ಲು ಮೈಸೂರಿನಲ್ಲಿದೆ ಎಂದೂ ಹಾಕುತ್ತೇನೆ. ಆದರೆ ಮೊದಲ ಶಾಸನ ಎಂಬುದನ್ನು ತೆಗೆಯಲಾರೆ. ತಾಳಗುಂದದ ವರ್ಷವನ್ನು ವಿದ್ವಾಂಸರೆಲ್ಲ ಒಪ್ಪಿದ ದಿನ ನಮ್ಮ ಹುಡುಗ ಬಂದು ಕೇಳಲಿ, ಆಗ ನೋಡೋಣ.

ನಾನು: ಹಲ್ಮಿಡಿಯ ವರ್ಷವನ್ನು ಎಲ್ಲರೂ ಒಪ್ಪಿದ್ದಾರೆಯೇ, ಚಿಕ್ಕಪ್ಪ?

ಚಿಕ್ಕಪ್ಪ: ನಮ್ಮ ತಾಲ್ಲೂಕಿನಲ್ಲಿ ಒಪ್ಪಿದ್ದಾರೆ.