ಅಪ್‌ಡೇಟ್: ಗಾಳಿಗೆ ಹಾರಿದ ಶೀಟು, ತಂತಿ ಮೇಲೆ ಬಿದ್ದ ಸಿಲ್ವರ್ ಮರ (ಮೂಡಿಗೆರೆ)

ಬಿರುಗಾಳಿಗೆ ಮನೆ ಹಿಂದಿನ ಶೀಟು ಕಿತ್ತುಹೋಗಿದೆ, ಸಿಲ್ವರ್ ಮರ ಕರೆಂಟ್ ತಂತಿ ಮೇಲೆ ಬಿದ್ದಿದೆ, ಮೊದಲು ಯಾವುದು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕೆಲಸ ಮುಗಿದಿದೆ.

ಮೊದಲು ತಂತಿ. ನಮ್ಮ ಭಾಗದ ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ ಮೇಲೆಯೇ ಮರ ಕಡಿಸಿದೆವು. ಊರಲ್ಲಿ ಕರೆಂಟ್ ಇಲ್ಲ ಎಂದರೂ ಮುಟ್ಟಬೇಡಿ, ಅಕ್ಕಪಕ್ಕದವರ ಜನರೇಟರ್‌ನಿಂದ ತಂತಿಗೆ ವಿದ್ಯುತ್ ವಾಪಸ್ ಹರಿಯಬಹುದು.

ಶೀಟು ಹಾರಿದ್ದಕ್ಕೆ ಕಾರಣ ಸೂರಿನ ಅಂಚು. ತೆರೆದ ಕಡೆಯಿಂದ ಒಳನುಗ್ಗಿದ ಗಾಳಿ ಕೆಳಗಿಂದ ಎತ್ತುತ್ತದೆ, ಮೇಲೆ ಹಾಯುವ ಗಾಳಿ ಸೆಳೆಯುತ್ತದೆ, ಅಂಚು ಮತ್ತು ಮೂಲೆಗಳಲ್ಲಿ ಈ ಎಳೆತ ಅತಿ ಹೆಚ್ಚು. ಹಳೆಯ ಕೆಲಸದಲ್ಲಿ ಅಲ್ಲಿಯೂ ಶೀಟಿನ ಅಲೆಯ ಮೂರು ಉಬ್ಬಿಗೊಂದು ಸ್ಕ್ರೂ ಇತ್ತು. ಈಗ ಅಂಚಿನ ಸಾಲುಗಳಲ್ಲಿ ಪ್ರತಿ ಉಬ್ಬಿಗೂ, ನಡುವೆ ಒಂದು ಬಿಟ್ಟು ಒಂದಕ್ಕೆ ಹಾಕಿಸಿದ್ದೇವೆ. ರಬ್ಬರ್ ವಾಷರ್ ಶೀಟಿಗೆ ಕೂತರೆ ಸಾಕು; ಚಪ್ಪಟೆಯಾಗುವಷ್ಟು ಬಿಗಿದರೆ ಬಿರಿದು ಸೋರುತ್ತದೆ.

ನಮ್ಮಲ್ಲಿ ಮಳೆಗಾಲದ ಗಾಳಿ ಪಡುವಣದ್ದು. ಆದ್ದರಿಂದ ಶೀಟುಗಳನ್ನು ಮೂಡಣ ತುದಿಯಿಂದ ಹಾಸುತ್ತಾ ಪಡುವಣಕ್ಕೆ ಬಂದರೆ ಪಕ್ಕದ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಮಾಡಿರುತ್ತದೆ. ಮೇಲಿನ ಶೀಟಿನ ತುದಿ ಕೆಳಗಿನ ಶೀಟಿನ ಮೇಲೆ ಕೂರುವ ಉದ್ದದ ಜೋಡಣೆಗೆ ಕನಿಷ್ಠ 150 ಮಿಮೀ ಒಂದರ ಮೇಲೊಂದು ಬರಲಿ. ಶೀಟಿಗಿಂತ ಮುಖ್ಯವಾದದ್ದು ಕೆಳಗಿನ ಚೌಕಟ್ಟು: ಅದನ್ನು ಗೋಡೆಗೆ ಬೋಲ್ಟ್ ಮಾಡದಿದ್ದರೆ ಎಷ್ಟು ಸ್ಕ್ರೂ ಹಾಕಿದರೂ ಚೌಕಟ್ಟಿನ ಸಮೇತ ಹಾರುತ್ತದೆ.

ಪರಿಹಾರಕ್ಕೆ ಅರ್ಜಿ ಹಾಕುವವರು ರಿಪೇರಿಗೆ ಮುಂಚೆಯೇ ಫೋಟೊ ತೆಗೆದು, ಗ್ರಾಮ ಆಡಳಿತ ಅಧಿಕಾರಿಯಿಂದ ಸ್ಥಳ ಮಹಜರು ಮಾಡಿಸಿಕೊಳ್ಳಿ.