ಕೆಂಟಕಿಯ ಹ್ಯಾಮ್ ಅಂಗಡಿ: ಇಡೀ ತೊಡೆ ತರೋದೋ, ಹೋಳು ಸಾಕೋ?

ಪ್ರಶ್ನೆ:
ಮುಂದಿನ ತಿಂಗಳು ಲೂಯಿವಿಲ್‌ನಿಂದ ನ್ಯಾಶ್‌ವಿಲ್‌ಗೆ ಕಾರಲ್ಲಿ ಹೋಗೋರಿದ್ದೇವೆ. ಹಂದಿಯ ತೊಡೆಗೆ ತಾವೇ ಉಪ್ಪು ಹಚ್ಚಿ ಮಾಗಿಸಿದ ಕಂಟ್ರಿ ಹ್ಯಾಮ್ ಮಾರುವ ಅಂಗಡಿಯೊಂದರಲ್ಲಿ ನಿಲ್ಲಿಸುವ ಯೋಚನೆ ಇದೆ. ಮನೆಯಲ್ಲಿ ನಾಲ್ಕು ಜನ, ಫ್ರಿಜ್ ಚಿಕ್ಕದು. ಇಡೀ ತೊಡೆ ಕೊಳ್ಳೋದೋ, ಹೋಳು ಹಾಕಿದ ಪ್ಯಾಕೆಟ್ಟೋ? ಒಳ್ಳೇದನ್ನು ಗುರುತಿಸೋದು ಹೇಗೆ?

ಉತ್ತರ 1:
ಸೂಪರ್ ಮಾರ್ಕೆಟ್ಟಿನ ಹ್ಯಾಮ್ ಮನಸ್ಸಲ್ಲಿಟ್ಟುಕೊಂಡು ಹೋಗಬೇಡಿ. ಅದಕ್ಕೆ ಉಪ್ಪುನೀರು ಚುಚ್ಚಿ ತುಂಬಿರುತ್ತಾರೆ. ಇಲ್ಲಿ ಒಣ ಉಪ್ಪು ತಿಕ್ಕಿ ನೀರು ಇಳಿಸುತ್ತಾರೆ, ಮಾವಿನ ಮಿಡಿ ಉಪ್ಪಿಗೆ ಹಾಕಿದಾಗ ಸುಕ್ಕುವ ಹಾಗೆ. ಅಮೆರಿಕದ ಕೃಷಿ ಇಲಾಖೆಯ ನಿಯಮದಂತೆ ಕಂಟ್ರಿ ಹ್ಯಾಮ್ ಅನ್ನಿಸಿಕೊಳ್ಳಲು ಹಸಿ ತೂಕದಲ್ಲಿ ಕನಿಷ್ಠ ಶೇ. 18 ಇಳಿದಿರಬೇಕು, ಒಳಗೆ ಕನಿಷ್ಠ ಶೇ. 4 ಉಪ್ಪಿರಬೇಕು. ಅಂಗಡಿಯಲ್ಲಿ 14 ಪೌಂಡ್ ತೂಗುವ ತೊಡೆ ಹಸಿಯಲ್ಲಿ 17 ಪೌಂಡಿಗೆ ಕಡಿಮೆ ಇರಲಿಲ್ಲ ಅಂತ ಲೆಕ್ಕ.

ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ‘ಎಷ್ಟು ತಿಂಗಳು ತೂಗುಹಾಕಿದ್ದು, ಬೇಸಿಗೆ ದಾಟಿದೆಯಾ?’ ಅಂತ ಕೇಳಿ. ಹಳೇ ಪದ್ಧತಿಯಲ್ಲಿ ಚಳಿಗಾಲಕ್ಕೆ ಉಪ್ಪು ಹಚ್ಚಿ, ಜುಲೈ-ಆಗಸ್ಟ್ ಸೆಕೆಯಲ್ಲಿ ತೂಗುಬಿಡುತ್ತಿದ್ದರು. ಆ ಸೆಕೆಗೆ ಕೊಬ್ಬು ಬೆವರುತ್ತದೆ, ಮಾಂಸದ ಪ್ರೋಟೀನ್ ಒಡೆಯುತ್ತದೆ. ಘಮ ಹುಟ್ಟೋದೇ ಆಗ. ಮೂರು ತಿಂಗಳದ್ದು ಬರೀ ಉಪ್ಪು, ಒಂಬತ್ತು ತಿಂಗಳು ದಾಟಿದ್ದು ಬೇರೆಯೇ ವಸ್ತು. ಹಿಕರಿ ಮರದ ಹೊಗೆ ಕೊಟ್ಟಿದ್ದಾರಾ ಅಂತಲೂ ಕೇಳಿ, ಕೊಡದೆಯೂ ಮಾಡುತ್ತಾರೆ.

ಮೇಲೆ ಬೂಷ್ಟು ಹಿಡಿದಿದ್ದರೆ ಹೆದರಬೇಡಿ, ಮಾಗಿದ ತೊಡೆಗೆ ಅದು ಸಹಜ. ಕೊಯ್ದ ಮುಖದಲ್ಲಿ ರವೆಯಷ್ಟು ಬಿಳಿ ಚುಕ್ಕೆ ಕಂಡರೆ ಅದು ಪ್ರೋಟೀನ್ ಒಡೆದು ಉಂಟಾದ ಟೈರೋಸಿನ್ ಹರಳು, ಚೆನ್ನಾಗಿ ಮಾಗಿದ್ದರ ಗುರುತು. ಬೇಡವಾದದ್ದು ಎರಡು. ಒಂದು, ಸಂದುಗಳಲ್ಲಿ ಸಣ್ಣ ತೂತು, ಪುಡಿ, ನೆಗೆಯುವ ಬಿಳಿ ಹುಳ. ಎರಡು, ಮೂಳೆ ಪಕ್ಕದ ಕೊಳೆತ. ಉಪ್ಪು ಮೂಳೆ ತನಕ ಇಳಿಯುವ ಮೊದಲೇ ಕಾವು 40 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಒಳಗಿಂದ ಕೆಡುತ್ತದೆ, ಹೊರಗೆ ಏನೂ ಕಾಣೋದಿಲ್ಲ. ಸೊಂಟದ ಕೀಲಿನ ಹತ್ತಿರ ಮೂಳೆಗೆ ತಾಗುವಂತೆ ತೆಳ್ಳನೆ ಸಲಾಕೆ ಚುಚ್ಚಿ, ತೆಗೆದ ಕೂಡಲೇ ಮೂಸಿ ನೋಡಬೇಕು. ಕೇಳಿದರೆ ಅಂಗಡಿಯವರೇ ಚುಚ್ಚಿ ತೋರಿಸುತ್ತಾರೆ. ಹುಳಿ ನಾತ ಬಂದರೆ ಆ ತೊಡೆ ಬೇಡ.

ಉತ್ತರ 2:
ನಾಲ್ಕು ಜನಕ್ಕೆ, ಅದೂ ಮೊದಲ ಸಲ ಅಂದರೆ ಹೋಳೇ ಸರಿ. ತೊಡೆಯ ನಡುಭಾಗದ್ದು, ಕಾಲು ಇಂಚು ದಪ್ಪ ಅಂತ ಹೇಳಿ ಕೊಯ್ಯಿಸಿ. ಹೋಳನ್ನು ಅರ್ಧ ಗಂಟೆ ತಣ್ಣೀರಲ್ಲಿಟ್ಟು ಒರೆಸಿಕೊಳ್ಳಿ. ಅಂಚಿನ ಕೊಬ್ಬನ್ನು ಎರಡು ಇಂಚಿಗೊಂದು ಕಡೆ ಸೀಳದಿದ್ದರೆ ಕಾವಲಿಯ ಮೇಲೆ ಬಟ್ಟಲಿನ ಹಾಗೆ ಮಡಚಿಕೊಂಡು ನಡುವೆ ಬೇಯೋದಿಲ್ಲ. ಕಬ್ಬಿಣದ ಕಾವಲಿ, ಮಧ್ಯಮಕ್ಕಿಂತ ಕಡಿಮೆ ಉರಿ, ಒಂದೊಂದು ಕಡೆ ಮೂರ್ನಾಲ್ಕು ನಿಮಿಷ. ನೀರಿನಂಶ ಕಡಿಮೆ, ಉಪ್ಪಿನ ಜೊತೆ ಹಚ್ಚಿದ ಸಕ್ಕರೆ ಬೇರೆ ಇರುತ್ತೆ. ಉರಿ ಜಾಸ್ತಿಯಾದರೆ ಕಪ್ಪಾಗಿ ಚರ್ಮದ ಹಾಗೆ ಗಟ್ಟಿಯಾಗುತ್ತದೆ, ಉಪ್ಪೂ ಹೆಚ್ಚಿದ ಹಾಗನ್ನಿಸುತ್ತದೆ. ಹೋಳು ತೆಗೆದು ಅದೇ ಕಾವಲಿಗೆ ಅರ್ಧ ಕಪ್ ಹಾಲಿಲ್ಲದ ಕಾಫಿ ಹೊಯ್ದು, ತಳಕ್ಕೆ ಅಂಟಿದ್ದನ್ನು ಕೆರೆದು ಕುದಿಸಿದರೆ ಅದೇ ಆ ಕಡೆಯವರ ರೆಡ್-ಐ ಗ್ರೇವಿ. ಉಪ್ಪು ಹಾಕಲೇಬೇಡಿ.

ಕೇಳಿದವರು:
ತುಂಬಾ ಧನ್ಯವಾದ. ಬೇಯಿಸದೆ ತೆಳ್ಳಗೆ ಕೊಯ್ದು ತಿನ್ನಬಹುದು ಅಂತಾರಲ್ಲ? ಇಡೀ ತೊಡೆ ತಂದರೆ ಎಷ್ಟು ದಿನ ಇಡಬಹುದು?

ಉತ್ತರ 3:
ಬೇಯಿಸದೆ ತಿನ್ನೋ ವಿಷಯ ಲೇಬಲ್ ನೋಡಿ ತೀರ್ಮಾನಿಸಿ. ಹೆಚ್ಚು ಕಾಲ ಮಾಗಿಸಿ ಹಾಗೇ ತಿನ್ನಲೆಂದೇ ಮಾರೋದುಂಟು, ಅದರ ಮೇಲೆ ಹಾಗೆಂದು ಬರೆದಿರುತ್ತದೆ. ‘ಅನ್‌ಕುಕ್ಡ್’ (ಬೇಯಿಸಿಲ್ಲ) ಅಂತಿದ್ದರೆ ಬೇಯಿಸಿಯೇ ತಿನ್ನಿ.

ಕೊಯ್ಯದ ಇಡೀ ತೊಡೆಯನ್ನು ಬಟ್ಟೆಚೀಲದಲ್ಲೇ ತಂಪಾದ, ಗಾಳಿಯಾಡುವ ಜಾಗದಲ್ಲಿ ಒಂದು ವರ್ಷದವರೆಗೆ ತೂಗುಹಾಕಬಹುದು. ಪ್ಲಾಸ್ಟಿಕ್ ಸುತ್ತಿದರೆ ಬೆವರಿ ಅಂಟಂಟಾಗುತ್ತದೆ. ಕೊಯ್ದ ಮೇಲೆ ಮಾತ್ರ ಫ್ರಿಜ್ಜೇ ಗತಿ. ಫ್ರೀಜರಿನಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ, ಉಪ್ಪಿರುವ ಕೊಬ್ಬು ಅಲ್ಲೂ ಕಮಟು ಹಿಡಿಯುತ್ತದೆ.

ಇಡೀದೇ ಕೊಂಡರೆ ಮೊಳಕಾಲಿನ ತುದಿಯನ್ನು ಅಂಗಡಿಯ ಗರಗಸದಲ್ಲೇ ಕತ್ತರಿಸಿಕೊಳ್ಳಿ, ಇಲ್ಲವಾದರೆ ಮನೆಯ ಯಾವ ಪಾತ್ರೆಗೂ ಹಿಡಿಯೋದಿಲ್ಲ. ಆ ತುಂಡು ಬೀನ್ಸ್ ಕಾಳು ಬೇಯಿಸುವಾಗ ಹಾಕಲು ಬಂಗಾರದಂಥದ್ದು, ಬಿಟ್ಟು ಬರಬೇಡಿ. ಬೂಷ್ಟನ್ನು ಗಡಸು ಬ್ರಷ್ಷಿನಿಂದ ಬಿಸಿನೀರಲ್ಲಿ ಉಜ್ಜಿ ತೆಗೆಯಿರಿ. 24 ಗಂಟೆ ತಣ್ಣೀರಲ್ಲಿ ನೆನೆಸಿ, ನಡುವೆ ಎರಡು ಮೂರು ಸಲ ನೀರು ಬದಲಿಸಿ. ಆಮೇಲೆ ಹೊಸ ನೀರಲ್ಲಿ ಕುದಿಯಲು ಬಿಡದೆ, ಸಣ್ಣಗೆ ಗುಳ್ಳೆ ಏಳುವಷ್ಟೇ ಕಾವಿನಲ್ಲಿ ಪೌಂಡಿಗೆ 20ರಿಂದ 25 ನಿಮಿಷ. 14 ಪೌಂಡಿಗೆ ಐದು ಗಂಟೆಯ ಆಸುಪಾಸು. ಥರ್ಮಾಮೀಟರ್ ಮೂಳೆಗೆ ತಾಗದಂತೆ ಚುಚ್ಚಿ, 160 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಇಳಿಸಿ. ಗಳಗಳ ಕುದಿಸಿದರೆ ನಾರುನಾರಾಗಿ ಬಿಟ್ಟುಕೊಳ್ಳುತ್ತದೆ.

ಉತ್ತರ 1:
ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ವರ್ಷ ದಾಟಿದ್ದಕ್ಕೆ 24 ಗಂಟೆ ಸಾಲದೇ ಇರಬಹುದು. ನೆನೆದ ತೊಡೆಯ ಅಂಚಿನಿಂದ ಬೆರಳಗಲದ ತುಂಡು ಕೊಯ್ದು ಹುರಿದು ನೋಡಿ. ನಾಲಿಗೆ ಚುರುಗುಟ್ಟಿದರೆ ನೀರು ಬದಲಿಸಿ ಇನ್ನೊಂದು 12 ಗಂಟೆ ಬಿಡಿ.